ಬಾನೆಟ್ಟಿನ ಚಿಲಕ: ಅದನ್ನು ಕಾಣುವ ಮತ್ತು ಬಿಡಿಸುವ ಸುರಕ್ಷಿತವಾದ ಕ್ರಮ

ಗೃಹಕೃತ್ಯದಲ್ಲಿ ಉಪಯೋಗಕ್ಕೆ ಬರುವ ಯಂತ್ರವು ಯಾವುದೇ ಆಗಲಿ, ಅದರ ಒಳಗನ್ನು ಒಂದು ಸಾರಿಯಾದರೂ ಕಣ್ಣಾರೆ ಕಾಣದೆ ನಿತ್ಯವೂ ಅದನ್ನು ಬಳಸುತ್ತಿರುವುದು ವಿದ್ಯಾವಂತರಿಗೆ ಒಪ್ಪತಕ್ಕ ಮಾತಲ್ಲ. ಹೊಲಿಗೆಯ ಯಂತ್ರದ ತಟ್ಟೆಯನ್ನು ಸರಿಸಿ ಬಾಬಿನ್ನನ್ನು ತೆಗೆಯಲು ನಮ್ಮ ಶಾಲೆಯಲ್ಲಿ ಕಲಿತವರು ಅನೇಕರಿರುವರು. ಕುಕ್ಕರಿನ ಗ್ಯಾಸ್ಕೆಟ್ಟನ್ನು ಬದಲಾಯಿಸಲು ಅರಿಯದ ಗೃಹಿಣಿ ಈಗ ಇಲ್ಲವೆಂದೇ ಹೇಳಬಹುದು. ಹೀಗಿರುವಲ್ಲಿ, ಮನೆಯಲ್ಲಿರುವ ಯಂತ್ರಗಳೆಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದೂ ಹೆಚ್ಚು ಅಪಾಯವನ್ನು ತರಬಲ್ಲದ್ದೂ ಆದ ಮೋಟಾರು ಗಾಡಿಯ ಮುಂಬದಿಯ ಮುಚ್ಚಳವನ್ನು ಮಾತ್ರ ಒಮ್ಮೆಯೂ ಎತ್ತಿ ನೋಡದ ಸಹೋದರಿಯರು ನಮ್ಮಲ್ಲಿ ಬಹುಮಂದಿ ಇರುವುದು ವಿಚಾರಿಸತಕ್ಕ ವಿಷಯವಾಗಿದೆ.

ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ಗಾಡಿಯನ್ನು ನಡೆಸಿಕೊಂಡು ಆಸ್ಪತ್ರೆಗೆ, ಕಚೇರಿಗೆ, ಪಾಠಶಾಲೆಗೆ ಹೋಗುತ್ತಾರೆ. ಹದಿನೆಂಟು ವರುಷ ತುಂಬಿದ ಹೆಣ್ಣುಮಕ್ಕಳಿಗೆ ಲೈಸೆನ್ಸು ಮಾಡಿಸಿಕೊಡುವ ತಂದೆತಾಯಿಗಳೂ ಹೆಚ್ಚುತ್ತಿದ್ದಾರೆ. ಆದರೆ ಗಾಡಿ ನಡೆಸುವುದನ್ನು ಕಲಿಸುವವರು ಗೇರು, ಕ್ಲಚ್ಚು, ಬ್ರೇಕುಗಳನ್ನು ಹೇಳಿಕೊಡುತ್ತಾರಲ್ಲದೆ, ಬಾನೆಟ್ಟನ್ನು ತೆರೆಯುವ ಬಗೆಯನ್ನು ಹೇಳಿಕೊಡುವುದು ಅಪರೂಪ. ಅದು ಮೆಕ್ಯಾನಿಕ್ಕಿನ ಕೆಲಸವೆಂದೂ, ಗಂಡಸರ ಕೆಲಸವೆಂದೂ ಬಿಟ್ಟುಬಿಡುವುದು ವಾಡಿಕೆಯಾಗಿದೆ. ಈ ವಾಡಿಕೆಯಿಂದ ಆಗುವ ಕೇಡು ಸಾಮಾನ್ಯವಾದುದಲ್ಲ. ಎಣ್ಣೆ ಬತ್ತಿ ಎಂಜಿನು ಕೆಡುವುದು, ಕುದಿಯುವ ನೀರು ಸಿಡಿದು ಮುಖ ಬೇಯುವುದು, ಸರಿಯಾಗಿ ಮುಚ್ಚದ ಬಾನೆಟ್ಟು ಓಡುವ ಗಾಡಿಯಲ್ಲಿ ಹಾರಿ ಕಣ್ಣಿಗೆ ಅಡ್ಡವಾಗುವುದು, ಇವೆಲ್ಲವೂ ಒಂದು ಸಣ್ಣ ಚಿಲಕದ ಸಂಗತಿಯನ್ನು ಅರಿಯದಿರುವುದರಿಂದ ಸಂಭವಿಸಬಹುದಾದುವು. ಆದಕಾರಣ ಆ ಚಿಲಕವು ಎಲ್ಲಿರುವುದು, ಹೇಗೆ ಕೆಲಸ ಮಾಡುವುದು, ಅದನ್ನು ಅಪಾಯವಿಲ್ಲದೆ ಬಿಡಿಸುವುದು ಹೇಗೆ, ಎಂಬುದನ್ನು ಈ ಸಂಚಿಕೆಯ ವಾಚಕರಿಗೆ ವಿವರಿಸಲು ನಾವು ಯತ್ನಿಸಿದ್ದೇವೆ.

ಪೂರ್ವಕಾಲದ ಬಾನೆಟ್ಟುಗಳು

ಮೋಟಾರಿನ ಚರಿತ್ರೆಯಲ್ಲಿ ಸ್ತ್ರೀಯರು ಹಿಂದುಳಿದವರಲ್ಲ. ೧೮೮೮ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬರ್ಥಾ ಬೆನ್ಜ್ ಎಂಬಾಕೆಯು ತನ್ನ ಗಂಡನು ನಿರ್ಮಿಸಿದ ಮೂರು ಚಕ್ರದ ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಜ್‌ಹೈಮಿಗೆ ಸುಮಾರು ೧೦೬ ಕಿಲೋಮೀಟರು ಪ್ರಯಾಣ ಮಾಡಿದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಆಕೆ ತನ್ನ ಟೋಪಿಯ ಸೂಜಿಯಿಂದಲೇ ಅದನ್ನು ಬಿಡಿಸಿದಳು. ಗಾಡಿಯ ಕಿಟಕಿಯ ಮೇಲಿನ ಮಳೆನೀರನ್ನು ಒರಸುವ ಕೈಯನ್ನು ಕಂಡುಹಿಡಿದು ೧೯೦೩ರಲ್ಲಿ ಪೇಟೆಂಟು ಪಡೆದವಳು ಅಮೆರಿಕದ ಮೇರಿ ಆಂಡರ್ಸನ್. ೧೯೦೯ರಲ್ಲಿ ಇಂಗ್ಲೆಂಡಿನ ಡೊರೊಥಿ ಲೆವಿಟ್ ಎಂಬಾಕೆಯು, ಮೋಟಾರಿನ ಅಂಗಾಂಗಗಳನ್ನು ಸ್ತ್ರೀಯರಿಗೆ ತಿಳಿಸುವುದಕ್ಕೆಂದೇ ಒಂದು ಪುಸ್ತಕವನ್ನು ಬರೆದು ಪ್ರಕಟಿಸಿದಳು. ಇವರಾರೂ ಯಂತ್ರವನ್ನು ಮುಟ್ಟುವುದು ತಮಗೆ ಸಲ್ಲದ ಕೆಲಸವೆಂದು ಭಾವಿಸಲಿಲ್ಲ.

ಆ ಕಾಲದ ಗಾಡಿಗಳಲ್ಲಿ ಬಾನೆಟ್ಟೆಂಬುದು ಎಂಜಿನಿನ ಮೇಲೆ ಹೊದಿಸಿದ ತಗಡಿನ ಗೂಡಿನಂತಿದ್ದಿತು. ನಡುವೆ ಉದ್ದಕ್ಕೂ ಒಂದು ಕೀಲು. ಎಡಬಲಗಳಲ್ಲಿ ಒಂದೊಂದು ಹೊರ ಹಿಡಿ. ಹಿಡಿಯನ್ನು ತಿರುಗಿಸಿದರೆ ಹಕ್ಕಿಯ ರೆಕ್ಕೆಯಂತೆ ಒಂದು ಪಕ್ಕವು ಮೇಲಕ್ಕೇಳುತ್ತಿತ್ತು. ಕೆಲವಕ್ಕೆ ತೊಗಲಿನ ಪಟ್ಟಿಯನ್ನು ಅಡ್ಡಲಾಗಿ ಬಿಗಿದು ಕಟ್ಟುತ್ತಿದ್ದರು. ಎಲ್ಲವೂ ಹೊರಗೇ ಇದ್ದುದರಿಂದ ಹುಡುಕಬೇಕಾದ ಪ್ರಮೇಯವೇ ಇರಲಿಲ್ಲ. ಕ್ರಮೇಣ ಇಡೀ ಮುಚ್ಚಳವು ಒಂದೇ ತಗಡಾಗಿ, ಕಿಟಕಿಯ ಬುಡದಲ್ಲಿ ಕೀಲನ್ನು ಪಡೆದು, ಮೊಸಳೆಯು ಬಾಯಿ ತೆರೆದಂತೆ ಮುಂದುಗಡೆಯಿಂದ ಮೇಲೇಳುವ ರೂಪಕ್ಕೆ ಬಂದಿತು. ಆಗ ಚಿಲಕವು ಒಳಗೆ ಅಡಗಿತು. ದಾರಿಹೋಕರು ಬಾನೆಟ್ಟನ್ನು ತೆರೆದು ಬ್ಯಾಟರಿಯನ್ನು ಅಪಹರಿಸದಂತೆ, ಅದನ್ನು ಬಿಡಿಸುವ ಹಿಡಿಯನ್ನು ಗಾಡಿಯ ಒಳಗೆ, ಚಾಲಕರ ಕಾಲಿನ ಬಳಿ ಇರಿಸಲಾಯಿತು.

ನಮ್ಮ ನಾಡಿನ ರಸ್ತೆಗಳಲ್ಲಿ ಈ ಭೇದಗಳನ್ನೆಲ್ಲ ಕಾಣಬಹುದಾಗಿತ್ತು. ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೦ರ ದಶಕದಲ್ಲಿ ಭಾರತದಲ್ಲಿಯೇ ಮೋಟಾರು ತಯಾರಿಸುವ ಕಾರ್ಖಾನೆಯೊಂದು ಆಗಬೇಕೆಂದು ಬಹಳ ಶ್ರಮಿಸಿದರು. ಮುಂದೆ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರ್ ಗಾಡಿಯು ೧೯೫೦ರ ದಶಕದ ಕೊನೆಯಿಂದ ೨೦೧೪ರ ವರೆಗೆ ಮನೆಮನೆಯ ಮಾತಾಗಿದ್ದಿತು. ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡಿನಲ್ಲಿ ಪಕ್ಕದ ಹಿಡಿಗಳನ್ನು ಬಿಡಿಸಿದರೆ ಚಕ್ರದ ಮೇಲಣ ಹೊದಿಕೆಯೊಡನೆ ಇಡೀ ಮುಂಭಾಗವೇ ಮುಂದಕ್ಕೆ ಬಾಗುತ್ತಿತ್ತು. ಜೀಪಿಗೆ ಹೊರಗಡೆ ಎರಡು ಪಕ್ಕಗಳಲ್ಲಿ ಕೊಕ್ಕೆಗಳು ಇರುತ್ತಿದ್ದುವು. ೧೯೮೩ರಲ್ಲಿ ಬಂದ ಮಾರುತಿ ೮೦೦ ಗಾಡಿಯಿಂದೀಚೆಗೆ, ಒಳಗೊಂದು ಲೀವರು ಮತ್ತು ಹೊರಗೊಂದು ಕೊಕ್ಕೆ ಎಂಬ ಕ್ರಮವೇ ಸಾಮಾನ್ಯ ಕುಟುಂಬಗಳಿಗೆ ಪರಿಚಿತವಾಯಿತು.

ಚಿಲಕವು ಕೆಲಸ ಮಾಡುವ ವಿಧ

ಬಾನೆಟ್ಟಿಗೆ ಒಂದಲ್ಲ, ಎರಡು ಬಂಧನಗಳಿರುವುವೆಂಬುದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಈ ಒಂದು ಮಾತನ್ನು ಅರಿತರೆ ಮಿಕ್ಕುದೆಲ್ಲವೂ ತಾನಾಗಿ ತಿಳಿಯುವುದು.

ಮುಚ್ಚಳದ ಒಳಮೈಯಲ್ಲಿ, ಮುಂಭಾಗದ ನಡುವೆ, ಬಾಗಿಸಿದ ಒಂದು ಗಟ್ಟಿಯಾದ ಸರಳು ಇರುತ್ತದೆ. ಕೆಳಗೆ, ರೇಡಿಯೇಟರಿನ ಮೇಲಣ ಅಡ್ಡಪಟ್ಟಿಯಲ್ಲಿ, ಏಡಿಯ ಕೊಂಡಿಯಂತಹ ಒಂದು ಲಾಕು ಇರುತ್ತದೆ. ಮುಚ್ಚಳವನ್ನು ಇಳಿಬಿಟ್ಟಾಗ ಸರಳು ಕೊಂಡಿಯೊಳಕ್ಕೆ ಇಳಿದು, ಕೊಂಡಿಯು ತಿರುಗಿ ಅದನ್ನು ಕಚ್ಚಿಕೊಳ್ಳುತ್ತದೆ. ಇದೇ ಮೊದಲನೆಯ ಚಿಲಕ. ಈ ಕೊಂಡಿಯಿಂದ ಹೊರಟ ಒಂದು ಉಕ್ಕಿನ ತಂತಿಯು ಕೊಳವೆಯೊಳಗೆ ನುಸುಳಿಕೊಂಡು ಚಾಲಕರ ಕಾಲಬಳಿಯ ಲೀವರಿಗೆ ಬಂದು ಸೇರುತ್ತದೆ. ಇಂತಹ ತಂತಿಗೆ ೧೮೯೬ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟು ಪಡೆದ ಬೌಡನ್ ಎಂಬಾತನ ಹೆಸರೇ ಇಂದಿಗೂ ಇದೆ. ನಮ್ಮ ಹುಡುಗಿಯರು ಶಾಲೆಗೆ ಬರುವ ಬೈಸಿಕಲ್ಲಿನ ಬ್ರೇಕಿನಲ್ಲಿ ಇರುವುದೂ ಇದೇ ಬಗೆಯ ತಂತಿ. ಹಿಡಿಯನ್ನು ಒತ್ತಿದರೆ ದೂರದ ಬ್ರೇಕು ಚಕ್ರವನ್ನು ಹಿಡಿಯುವಂತೆ, ಲೀವರನ್ನು ಎಳೆದರೆ ದೂರದ ಕೊಂಡಿಯು ಸರಳನ್ನು ಬಿಡುತ್ತದೆ. ಆಗ ಒಂದು ಸ್ಪ್ರಿಂಗು ಮುಚ್ಚಳವನ್ನು ಒಂದೆರಡು ಬೆರಳಿನಷ್ಟು ಮೇಲಕ್ಕೆ ಚಿಮ್ಮಿಸುತ್ತದೆ. ಆ ‘ಟಪ್’ ಎಂಬ ಶಬ್ದವೇ ಮೊದಲನೆಯ ಚಿಲಕವು ಬಿಟ್ಟಿತೆಂಬುದಕ್ಕೆ ಗುರುತು.

ಆದರೆ ಇಷ್ಟರಿಂದಲೇ ಮುಚ್ಚಳವು ತೆರೆಯುವುದಿಲ್ಲ. ಎರಡನೆಯದಾದ ಒಂದು ಕೊಕ್ಕೆಯು ಅದನ್ನು ಇನ್ನೂ ಹಿಡಿದುಕೊಂಡಿರುತ್ತದೆ. ಇದನ್ನು ಒಳಗಿನಿಂದ ಬಿಡಿಸುವುದಕ್ಕಾಗುವುದಿಲ್ಲ. ಗಾಡಿಯ ಮುಂದೆ ನಿಂತು, ಮುಚ್ಚಳದ ಸಂದಿಯಲ್ಲಿ ಬೆರಳನ್ನಿಟ್ಟು ಬಿಡಿಸಬೇಕು. ಇದನ್ನು ಕಾವಲು ಕೊಕ್ಕೆಯೆಂದು ಕರೆಯಬಹುದು. ಒಂದು ವೇಳೆ ಗಾಡಿ ಓಡುತ್ತಿರುವಾಗ ಮೊದಲ ಚಿಲಕವು ಬಿಟ್ಟರೂ ಮುಚ್ಚಳವು ಹಾರದಂತೆ ತಡೆಯುವುದೇ ಇದರ ಕೆಲಸ. ಗಾಳಿಯ ಒತ್ತಡವು ವೇಗದ ವರ್ಗದಂತೆ ಹೆಚ್ಚುವುದೆಂದು ಭೌತಶಾಸ್ತ್ರವು ಹೇಳುತ್ತದೆ. ಎಂದರೆ, ಗಂಟೆಗೆ ೪೦ ಕಿಲೋಮೀಟರಿನ ವೇಗದಲ್ಲಿ ಇರುವ ಒತ್ತಡವು ೮೦ಕ್ಕೆ ಏರಿದಾಗ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಕಾವಲು ಕೊಕ್ಕೆಯಿಲ್ಲದಿದ್ದರೆ ಸಂದಿಯೊಳಗೆ ನುಗ್ಗಿದ ಗಾಳಿಯು ಮುಚ್ಚಳವನ್ನು ಹಿಂದಕ್ಕೆ ಮಗುಚಿ ಕಿಟಕಿಯ ಗಾಜಿಗೆ ಬಡಿಯುವುದು. ಇದನ್ನು ಮನಗಂಡೇ, ಚಾಲಕರ ಕಣ್ಣಿಗೆ ಅಡ್ಡವಾಗುವಂತೆ ಮುಂದಿನಿಂದ ತೆರೆಯುವ ಮುಚ್ಚಳಗಳಿಗೆ ಎರಡನೆಯ ಬಂಧನವಿರಲೇಬೇಕೆಂಬ ನಿಯಮವು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ೧೯೬೯ರಿಂದ ಜಾರಿಗೆ ಬಂದಿತು.

ತೆರೆಯುವ ಮೊದಲು

ಗಾಡಿಯನ್ನು ಸಮತಟ್ಟಾದ ಸ್ಥಳದಲ್ಲಿ ನಿಲ್ಲಿಸತಕ್ಕದ್ದು. ಹ್ಯಾಂಡ್‌ಬ್ರೇಕನ್ನು ಎಳೆದು, ಎಂಜಿನನ್ನು ಆರಿಸಿ, ಕೀಲಿಯನ್ನು ತೆಗೆದು ಕೈಯಲ್ಲಿ ಇಟ್ಟುಕೊಳ್ಳತಕ್ಕದ್ದು. ಈಗಿನ ಕೆಲವು ಗಾಡಿಗಳಲ್ಲಿ ಎಂಜಿನು ತಾನಾಗಿ ನಿಂತು ತಾನಾಗಿ ಹೊರಡುವ ಏರ್ಪಾಡು ಇರುವುದರಿಂದ, ಶಬ್ದವಿಲ್ಲದ ಮಾತ್ರಕ್ಕೆ ಆರಿದೆಯೆಂದು ನಂಬಲಾಗದು. ಅಲ್ಲದೆ ರೇಡಿಯೇಟರಿನ ವಿದ್ಯುತ್ ಫ್ಯಾನು, ಎಂಜಿನು ಆರಿದ ಮೇಲೂ, ಬಿಸಿ ಹೆಚ್ಚಾಗಿದ್ದರೆ ಥಟ್ಟನೆ ತಿರುಗಲಾರಂಭಿಸುವುದುಂಟು.

ನಮ್ಮ ಉಡಿಗೆ ತೊಡಿಗೆಗಳ ವಿಷಯದಲ್ಲಿ ಒಂದು ಮಾತು ಅವಶ್ಯವಾಗಿ ಹೇಳಬೇಕಾಗಿದೆ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ದುಪಟ್ಟಾ ಇದ್ದರೆ ತೆಗೆದು ಸೀಟಿನ ಮೇಲೆ ಇಡಬೇಕು. ಉದ್ದವಾದ ಜಡೆಯನ್ನು ಸುತ್ತಿ ಕಟ್ಟಿಕೊಳ್ಳಬೇಕು. ಎಂಜಿನಿನ ಬೆಲ್ಟಿಗಾಗಲಿ ಫ್ಯಾನಿಗಾಗಲಿ ಬಟ್ಟೆಯ ತುದಿ ಸಿಕ್ಕಿದರೆ ಕ್ಷಣಮಾತ್ರದಲ್ಲಿ ಕೊರಳನ್ನು ಸೆಳೆದುಕೊಳ್ಳುವುದು. ಬ್ಯಾಟರಿಯ ಬಳಿ ಕೈಯಿಡುವ ಮುನ್ನ ಲೋಹದ ಬಳೆ, ಉಂಗುರ, ಕೈಗಡಿಯಾರಗಳನ್ನು ತೆಗೆದಿಡುವುದು ಲೇಸು. ಬ್ಯಾಟರಿಯ ಎರಡು ತುದಿಗಳಿಗೆ ಒಂದು ಲೋಹದ ಬಳೆ ತಗುಲಿದರೆ ಅದು ಕೆಂಪಗೆ ಕಾದು ಕೈಯನ್ನು ಸುಡುವುದು. ಬ್ಯಾಟರಿಯಿಂದ ಹೊರಡುವ ಜಲಜನಕವು ಕಿಡಿಗೆ ಹೊತ್ತಿಕೊಳ್ಳುವ ಅನಿಲವಾದುದರಿಂದ ದೀಪ, ಬೆಂಕಿಕಡ್ಡಿಗಳನ್ನು ಹತ್ತಿರ ತರಲೇಬಾರದು. ಕತ್ತಲಾಗಿದ್ದರೆ ಟಾರ್ಚನ್ನೇ ಉಪಯೋಗಿಸತಕ್ಕದ್ದು.

ಲೀವರನ್ನು ಹುಡುಕುವುದು

ಚಾಲಕರ ಬಾಗಿಲನ್ನು ಪೂರ್ತಿಯಾಗಿ ತೆರೆದು, ಸೀಟಿನ ಮೇಲೆ ಕೂರದೆ ನೆಲದ ಮಟ್ಟಕ್ಕೆ ಬಗ್ಗಿ ನೋಡಿದರೆ ಲೀವರು ಬೇಗನೆ ಕಾಣುವುದು. ಹೆಚ್ಚಿನ ಗಾಡಿಗಳಲ್ಲಿ ಅದು ಡ್ಯಾಶ್‌ಬೋರ್ಡಿನ ಕೆಳಗೆ, ಚಾಲಕರ ಬಲಮೊಣಕಾಲಿಗೆ ಸಮೀಪವಾಗಿ, ಬಾಗಿಲಿನ ಪಕ್ಕದ ಗೋಡೆಯಲ್ಲಿ ಇರುತ್ತದೆ. ಬಾಯಿ ತೆರೆದ ಗಾಡಿಯ ಪುಟ್ಟ ಚಿತ್ರವೊಂದು ಅದರ ಮೇಲೆ ಅಚ್ಚಾಗಿರುವುದು. ಎಡಗಡೆ ಸ್ಟಿಯರಿಂಗು ಇರುವ ದೇಶಗಳಿಗೆಂದು ಮೊದಲು ರಚಿತವಾದ ಕೆಲವು ಗಾಡಿಗಳಲ್ಲಿ ಲೀವರು ಎಡಭಾಗದ ಪ್ರಯಾಣಿಕರ ಕಾಲಬಳಿಯೇ ಉಳಿದುಕೊಂಡಿರುತ್ತದೆ. ಬಲಗಡೆ ಕಾಣದಿದ್ದರೆ ಎಡಗಡೆ ನೋಡತಕ್ಕದ್ದು. ಸೀಟಿನ ಪಕ್ಕದಲ್ಲಿ ನೆಲದ ಮೇಲೆ ಇರುವ ಲೀವರುಗಳು ಬೇರೆ. ಪೆಟ್ರೋಲು ಪಂಪಿನ ಚಿತ್ರವಿರುವುದು ಇಂಧನದ ಬಾಯಿಗೆ, ಹಿಂಬದಿ ತೆರೆದ ಗಾಡಿಯ ಚಿತ್ರವಿರುವುದು ಡಿಕ್ಕಿಗೆ. ಚಿತ್ರವನ್ನು ನೋಡದೆ ಯಾವುದನ್ನೂ ಎಳೆಯಬಾರದು. ಸಂದೇಹವಿದ್ದರೆ ಗಾಡಿಯೊಡನೆ ಬಂದ ಕೈಪಿಡಿಯನ್ನು ನೋಡುವುದೇ ಉತ್ತಮ. ಕೈಪಿಡಿಯು ಸಾಮಾನ್ಯವಾಗಿ ಎಡಗಡೆಯ ಗೂಡಿನಲ್ಲಿ, ಮುಟ್ಟಿದವರಿಲ್ಲದೆ, ಹೊಸದಾಗಿಯೇ ಇರುತ್ತದೆ.

ಎಲ್ಲ ಗಾಡಿಗಳಲ್ಲಿಯೂ ಎಂಜಿನು ಮುಂದೆಯೇ ಇರುವುದೆಂಬ ನಿಯಮವಿಲ್ಲ. ೧೯೮೪ರಿಂದ ೨೦೧೯ರ ವರೆಗೆ ತಯಾರಾಗಿ, ಎಷ್ಟೋ ಮಕ್ಕಳನ್ನು ಶಾಲೆಗೆ ಕರೆತಂದ ಮಾರುತಿ ಓಮ್ನಿ ವ್ಯಾನಿನಲ್ಲಿ ಎಂಜಿನು ಮುಂದಿನ ಸೀಟುಗಳ ಅಡಿಯಲ್ಲಿರುವುದು. ಟಾಟಾ ನ್ಯಾನೋ ಗಾಡಿಯಲ್ಲಿ ಅದು ಹಿಂದುಗಡೆ ಇರುವುದು. ವಿದ್ಯುತ್ ಗಾಡಿಗಳಲ್ಲಿ ಬಾನೆಟ್ಟಿನ ಕೆಳಗೆ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳು ಕಂಡುಬಂದರೆ ಅವು ಪ್ರಾಣಾಪಾಯದ ಒತ್ತಡದ ವಿದ್ಯುತ್ತನ್ನು ಒಯ್ಯತಕ್ಕವು. ಅವನ್ನು ಯಾವ ಕಾರಣಕ್ಕೂ ಮುಟ್ಟಬಾರದು.

ಕಾವಲು ಕೊಕ್ಕೆಯನ್ನು ಬಿಡಿಸುವುದು

ಲೀವರನ್ನು ಎಳೆದು, ‘ಟಪ್’ ಎಂಬ ಶಬ್ದವನ್ನು ಕೇಳಿದ ಮೇಲೆ, ಗಾಡಿಯ ಮುಂದೆ ಬಂದು ನಿಲ್ಲಬೇಕು. ಮುಚ್ಚಳದ ಮುಂಚೂಣಿಯಲ್ಲಿ ಸಣ್ಣ ಸಂದಿಯು ಕಾಣುವುದು. ಮೊದಲು ಬಗ್ಗಿ ಕಣ್ಣಿನಿಂದ ನೋಡಿ, ಕೊಕ್ಕೆಯ ನಾಲಗೆಯು ಎಲ್ಲಿದೆಯೆಂದು ಗುರುತಿಸಿಕೊಂಡು, ಆಮೇಲೆ ಕೈಯಿಡಬೇಕು. ಅದು ಸಾಮಾನ್ಯವಾಗಿ ನಟ್ಟನಡುವೆ, ಇಲ್ಲವೆ ಕಂಪನಿಯ ಲಾಂಛನದಿಂದ ಒಂದು ಗೇಣಿನೊಳಗೆ ಅತ್ತಿತ್ತ ಇರುವುದು. ಅಂಗೈಯನ್ನು ಮೇಲುಮುಖವಾಗಿಟ್ಟು ನಾಲ್ಕು ಬೆರಳುಗಳ ತುದಿಯನ್ನು ಮಾತ್ರ ಸಂದಿಯೊಳಗೆ ತೂರಿಸಿ, ನಾಲಗೆಯನ್ನು ಮೇಲಕ್ಕೆ ಒತ್ತಬೇಕು. ಮೇಲಕ್ಕೆ ಹೋಗದಿದ್ದರೆ ಅದು ಪಕ್ಕಕ್ಕೆ ಸರಿಯತಕ್ಕ ಬಗೆಯದೆಂದು ತಿಳಿದು, ಎಡಕ್ಕೆ ಅಥವಾ ಬಲಕ್ಕೆ ಮೆಲ್ಲನೆ ಸರಿಸಬೇಕು. ಬಲಾತ್ಕಾರ ಸಲ್ಲದು. ಮುಚ್ಚಳವು ಕೊಕ್ಕೆಯನ್ನು ಬಿಗಿಯಾಗಿ ಜಗ್ಗುತ್ತಿರುವುದರಿಂದ ಅದು ಅಲುಗದಿರಬಹುದು. ಆಗ ಇನ್ನೊಂದು ಕೈಯಿಂದ ಮುಚ್ಚಳವನ್ನು ತುಸು ಕೆಳಕ್ಕೆ ಒತ್ತಿದರೆ ಬಿಗಿಯು ಸಡಲಿ ಕೊಕ್ಕೆಯು ಬೆಣ್ಣೆಯಂತೆ ಸರಿಯುವುದು. ಆದರೆ ಪೂರಾ ಒತ್ತಿಬಿಟ್ಟರೆ ಮೊದಲ ಚಿಲಕವು ಮತ್ತೆ ಹಿಡಿದುಕೊಳ್ಳುವುದರಿಂದ ಲಘುವಾಗಿ ಒತ್ತಬೇಕು.

ಕೊಕ್ಕೆಯು ಬಿಟ್ಟೊಡನೆ ಮುಚ್ಚಳವನ್ನು ಒಂದು ಕೈಯಿಂದ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಆಸರೆಯ ಕಂಬಿಯನ್ನು ಅದರ ಗೂಡಿನಿಂದ ಬಿಡಿಸಿ, ಮುಚ್ಚಳದಲ್ಲಿ ಅದಕ್ಕೆಂದೇ ಮಾಡಿರುವ ರಂಧ್ರದಲ್ಲಿ ಸೇರಿಸಬೇಕು. ಬೇರೆ ರಂಧ್ರಗಳೂ ಇರುವುದುಂಟು; ಅವುಗಳಲ್ಲಿ ಸಿಕ್ಕಿಸಿದರೆ ಕಂಬಿಯು ಜಾರುವುದು. ಕಂಬಿಯು ಗಟ್ಟಿಯಾಗಿ ನಿಂತಿತೇ ಎಂದು ಮುಚ್ಚಳವನ್ನು ಒಮ್ಮೆ ಅಲುಗಿಸಿ ನೋಡಿದ ಮೇಲೆಯೇ ತಲೆಯನ್ನು ಒಳಗೆ ಬಾಗಿಸತಕ್ಕದ್ದು. ಎಂಜಿನು ಬಿಸಿಯಾಗಿದ್ದರೆ ಕಂಬಿಯೂ ಬಿಸಿಯಾಗಿರಬಹುದಾದ್ದರಿಂದ ಬಟ್ಟೆಯಿಂದ ಹಿಡಿಯಬೇಕು. ಆಷಾಢದ ಗಾಳಿಯ ದಿನಗಳಲ್ಲಿ ಗಾಡಿಯ ಮುಖವನ್ನು ಗಾಳಿಗೆ ಒಡ್ಡದಂತೆ ನಿಲ್ಲಿಸುವುದು ಉತ್ತಮ. ಮಕ್ಕಳು ಸಮೀಪದಲ್ಲಿದ್ದರೆ ಅವರ ಬೆರಳುಗಳು ಎಲ್ಲಿವೆಯೆಂದು ನೋಡದೆ ಮುಚ್ಚಳವನ್ನು ಎತ್ತಲೂ ಬಾರದು, ಇಳಿಸಲೂ ಬಾರದು.

ಲೀವರನ್ನು ಎಳೆದರೂ ಶಬ್ದವಾಗದೆ ಮುಚ್ಚಳವು ಏಳದಿದ್ದರೆ ಇಬ್ಬರು ಸೇರಿ ಯತ್ನಿಸಬೇಕು. ಒಬ್ಬರು ಒಳಗೆ ಲೀವರನ್ನು ಎಳೆದು ಹಿಡಿದಿರಲು, ಇನ್ನೊಬ್ಬರು ಹೊರಗೆ ಚಿಲಕದ ನೇರಕ್ಕೆ ಮುಚ್ಚಳವನ್ನು ಅಂಗೈಯಿಂದ ಒತ್ತಿ ಬಿಡಬೇಕು. ತುಕ್ಕು ಹಿಡಿದ ಕೊಂಡಿಯು ಹೆಚ್ಚಾಗಿ ಇದರಿಂದಲೇ ಬಿಡುವುದು. ಲೀವರು ಯಾವ ಬಿಗಿಯೂ ಇಲ್ಲದೆ ಸಡಿಲವಾಗಿ ಬಂದರೆ ತಂತಿಯು ಹರಿದಿದೆಯೆಂದು ಅರ್ಥ. ಅದು ಮೆಕ್ಯಾನಿಕ್ಕಿಗೆ ಒಪ್ಪಿಸತಕ್ಕ ಕೆಲಸ. ಕೃಷ್ಣಮೂರ್ತಿಪುರಂ ಮೊದಲಾದ ಹಳೆಯ ಬಡಾವಣೆಗಳಲ್ಲಿ ಮೋಟಾರು ಬರುವ ಮೊದಲೇ ಕಟ್ಟಿದ ಮನೆಗಳಿಗೆ ಗಾಡಿಯ ಕೊಟ್ಟಿಗೆಯಿಲ್ಲದಿರುವುದರಿಂದ, ಗಾಡಿಗಳು ಬೀದಿಯ ಮರದ ಕೆಳಗೆ ಮಳೆಯಲ್ಲಿ ನೆನೆಯುತ್ತ ನಿಲ್ಲುತ್ತವೆ. ಎಲೆ, ಹೂ, ಧೂಳುಗಳು ಸಂದಿಯಲ್ಲಿ ಇಳಿದು ಕೊಂಡಿಯನ್ನು ಕಚ್ಚಿಸುತ್ತವೆ. ದಸರೆಯ ಆಯುಧಪೂಜೆಯ ದಿನ ಊರಿನ ಗಾಡಿಗಳೆಲ್ಲ ಹಾರಗಳಿಂದ ಅಲಂಕೃತವಾಗುವುದನ್ನು ನಾವು ನೋಡುತ್ತೇವೆ. ಬಾನೆಟ್ಟಿನ ಮೇಲೆ ಇಷ್ಟು ಅಕ್ಕರೆ ತೋರುವವರು ಅದರ ಕೆಳಗಿನ ಚಿಲಕಕ್ಕೆ ವರುಷಕ್ಕೆ ಎರಡು ಸಾರಿಯಾದರೂ ಒರಸಿ ಗ್ರೀಸು ಸವರಿದರೆ ಅದು ಕಾಲಕ್ಕೆ ಕೈಕೊಡದು.

ತೆರೆಯಬಾರದ ವೇಳೆಗಳು

ಚಾಮುಂಡಿ ಬೆಟ್ಟವನ್ನೇರುವಾಗ, ಅಥವಾ ಮಸಿನಗುಡಿಯಿಂದ ಊಟಿಗೆ ಹೋಗುವ ಮೂವತ್ತಾರು ತಿರುವುಗಳ ಕಲ್ಲಟ್ಟಿ ಘಟ್ಟದಲ್ಲಿ, ಬಾನೆಟ್ಟಿನ ಅಂಚಿನಿಂದ ಬಿಳಿಯ ಹಬೆ ಏಳುವುದುಂಟು. ಆಗ ಗಾಬರಿಯಿಂದ ಓಡಿಬಂದು ಮುಚ್ಚಳವನ್ನು ಎತ್ತುವುದು ಅತ್ಯಂತ ಅಪಾಯಕರ. ರೇಡಿಯೇಟರೆಂಬುದು ಕುಕ್ಕರಿನ ತಮ್ಮನೆಂದು ತಿಳಿಯಬೇಕು. ಬಿಗಿಯಾದ ಮುಚ್ಚಳದಿಂದಾಗಿ ಒಳಗೆ ಒತ್ತಡವು ಹೆಚ್ಚಿ, ನೀರು ೧೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯದೆ ಸುಮಾರು ೧೨೦ ಡಿಗ್ರಿಯವರೆಗೂ ದ್ರವವಾಗಿಯೇ ಇರಬಲ್ಲದು. ಬಿರಡೆಯನ್ನು ತಿರುಗಿಸಿದೊಡನೆ ಒತ್ತಡವು ಇಳಿದು, ಆ ನೀರೆಲ್ಲ ಒಮ್ಮೆಲೇ ಕುದಿದು, ಕಾರಂಜಿಯಂತೆ ಮುಖಕ್ಕೆ ಚಿಮ್ಮುವುದು. ಸೀಟಿ ಇಳಿಯದ ಕುಕ್ಕರನ್ನು ತೆರೆಯಬಾರದೆಂದು ಬಲ್ಲ ಗೃಹಿಣಿಯರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಎಂಜಿನನ್ನು ಆರಿಸಿ, ಹಬೆಯು ಪೂರ್ತಿ ನಿಂತು, ಕಡಮೆಯೆಂದರೆ ಅರ್ಧ ಗಂಟೆ ಕಳೆದ ಮೇಲೆ ಬಾನೆಟ್ಟನ್ನು ತೆರೆಯಬೇಕು. ರೇಡಿಯೇಟರಿನ ಬಿರಡೆಯನ್ನಂತೂ ಮುಟ್ಟಿದರೆ ತಣ್ಣಗಿರುವವರೆಗೆ ತಿರುಗಿಸಲೇಕೂಡದು. ಅದರೊಳಗಿನ ಬಣ್ಣದ ಕೂಲೆಂಟು ಸಿಹಿಯಾಗಿರುವ ವಿಷ. ಚೆಲ್ಲಿದುದನ್ನು ಮಕ್ಕಳೂ ನಾಯಿಗಳೂ ನೆಕ್ಕದಂತೆ ತೊಳೆದುಬಿಡಬೇಕು.

ಬಿಳಿಯ ಹಬೆಗೆ ಬದಲಾಗಿ ಕಪ್ಪು ಹೊಗೆಯೂ, ರಬ್ಬರು ಸುಟ್ಟ ವಾಸನೆಯೂ ಕಂಡುಬಂದರೆ ಅದು ಬೆಂಕಿಯ ಲಕ್ಷಣ. ಆಗ ಬಾನೆಟ್ಟನ್ನು ತೆರೆಯಲೇಬಾರದು. ಮುಚ್ಚಿದ ಒಲೆಯ ಬಾಯಿ ತೆರೆದರೆ ಕೆಂಡವು ಜ್ವಾಲೆಯಾಗುವಂತೆ, ಒಳಗೆ ಗಾಳಿ ನುಗ್ಗಿದೊಡನೆ ಬೆಂಕಿಯು ಭುಗ್ಗೆಂದು ಮೇಲೇಳುವುದು. ಎಂಜಿನನ್ನು ಆರಿಸಿ, ಮಕ್ಕಳನ್ನು ಮೊದಲು ಇಳಿಸಿ, ಸಾಮಾನುಗಳ ಆಸೆಯನ್ನು ಬಿಟ್ಟು ದೂರ ಸರಿದು, ೧೧೨ಕ್ಕೆ ಫೋನು ಮಾಡತಕ್ಕದ್ದು.

ಮೂರನೆಯದು ಪ್ರಾಣಿಗಳ ವಿಷಯ. ರಾತ್ರಿಯ ಚಳಿಗೆ ಬೆಕ್ಕುಗಳು ಬೆಚ್ಚಗಿನ ಎಂಜಿನಿನ ಮೇಲೆ ಮಲಗುವುವು. ಇಲಿಗಳು ತಂತಿಗಳನ್ನು ಕಡಿಯುವುವು. ಇಲಿಗಳನ್ನು ಅರಸಿ ಹಾವುಗಳೂ ಬರುವುವು. ಬೆಳಗ್ಗೆ ಗಾಡಿಯನ್ನು ಹೊರಡಿಸುವ ಮುನ್ನ ಬಾನೆಟ್ಟಿನ ಮೇಲೆ ಕೈಯಿಂದ ಎರಡು ಬಾರಿ ತಟ್ಟುವುದು ಬೆಕ್ಕಿನ ಪ್ರಾಣವನ್ನು ಉಳಿಸುವ ಸುಲಭೋಪಾಯ. ಹಾವು ಹೊಕ್ಕಿದುದನ್ನು ಕಂಡರೆ ಕೊಕ್ಕೆಯ ಸಂದಿಯಲ್ಲಿ ಬೆರಳಿಡಲೇಬಾರದು. ಸ್ನೇಕ್ ಶ್ಯಾಮ್ ಎಂದು ಹೆಸರಾದವರ ಸೇವೆಯಿಂದ, ಹಾವನ್ನು ಕೊಲ್ಲದೆ ಬಲ್ಲವರಿಂದ ಹಿಡಿಸಿ ಕಾಡಿಗೆ ಬಿಡಿಸುವ ಸದಭ್ಯಾಸವು ಮೈಸೂರಿನಲ್ಲಿ ಬೇರೂರಿದೆ. ಅಂತಹ ಬಲ್ಲವರನ್ನು ಕರೆಸಿ, ಅವರು ಬರುವವರೆಗೆ ದೂರದಿಂದ ಕಾದಿರುವುದೇ ವಿವೇಕ.

ಹೆದ್ದಾರಿಯಲ್ಲಿ ಗಾಡಿ ನಿಂತಾಗಲೂ ಎಚ್ಚರವು ಬೇಕು. ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು ಮೈಸೂರು ಹೆದ್ದಾರಿಯಂತಹ ರಸ್ತೆಯಲ್ಲಿ ಅತಿವೇಗದ ವಾಹನಗಳಿಗೆ ಬೆನ್ನು ಹಾಕಿ ಬಾನೆಟ್ಟಿನಲ್ಲಿ ತಲೆ ಬಾಗಿಸುವುದು ತರವಲ್ಲ. ಎಚ್ಚರಿಕೆಯ ದೀಪಗಳನ್ನು ಹೊತ್ತಿಸಿ, ಗಾಡಿಯ ಹಿಂದೆ ದೂರದಲ್ಲಿ ತ್ರಿಕೋನವನ್ನಿಟ್ಟು, ಕಟ್ಟೆಯ ಆಚೆಗೆ ನಿಂತು, ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕಾಗಿ ೧೦೩೩ಕ್ಕೆ ಫೋನು ಮಾಡುವುದು ಕ್ಷೇಮ. ರಾತ್ರಿಯ ವೇಳೆ ನಿರ್ಜನ ಸ್ಥಳದಲ್ಲಿ ಒಂಟಿಯಾಗಿರುವ ಸಹೋದರಿಯು, ಹೊಗೆ ಬೆಂಕಿಗಳ ಭಯವಿಲ್ಲದಿದ್ದು, ಗಾಡಿಯು ರಸ್ತೆಯಿಂದ ಪೂರ್ತಿಯಾಗಿ ಪಕ್ಕಕ್ಕೆ ಸರಿದಿದ್ದರೆ, ಬಾನೆಟ್ಟನ್ನು ಎತ್ತಿ ತನ್ನ ಕಷ್ಟವನ್ನು ದಾರಿಹೋಕರಿಗೆಲ್ಲ ಸಾರುವುದಕ್ಕಿಂತ, ಬಾಗಿಲುಗಳನ್ನು ಭದ್ರಪಡಿಸಿಕೊಂಡು ಒಳಗೇ ಕುಳಿತು ೧೧೨ಕ್ಕೂ ಮನೆಯವರಿಗೂ ತಿಳಿಸುವುದು ಮೇಲು. ಕೈ ಹಾಕಬಲ್ಲವಳಾಗಿರುವುದು ಒಂದು ಜಾಣತನ. ಯಾವಾಗ ಕೈ ಹಾಕಬಾರದೆಂದು ಅರಿತಿರುವುದು ಇನ್ನೊಂದು.

ಮುಚ್ಚುವ ಕ್ರಮ

ತೆರೆಯುವುದಕ್ಕಿಂತ ಮುಚ್ಚುವುದರಲ್ಲಿಯೇ ಹೆಚ್ಚಿನ ತಪ್ಪುಗಳಾಗುವುವು. ಒಳಗೆ ಒರಸುವ ಬಟ್ಟೆ, ಸ್ಪ್ಯಾನರು ಮೊದಲಾದುವು ಉಳಿದಿಲ್ಲವೆಂದು ನೋಡಿ, ಮುಚ್ಚಳವನ್ನು ಒಂದು ಕೈಯಲ್ಲಿ ಹಿಡಿದು, ಕಂಬಿಯನ್ನು ಅದರ ಗೂಡಿಗೆ ಸೇರಿಸಬೇಕು. ಬಳಿಕ ಮುಚ್ಚಳವನ್ನು ಮೆಲ್ಲನೆ ಇಳಿಸುತ್ತ ಬಂದು, ಒಂದು ಗೇಣಿಗಿಂತ ತುಸು ಹೆಚ್ಚು ಎತ್ತರವಿರುವಾಗ ಕೈಬಿಡಬೇಕು. ಅದು ತನ್ನ ಭಾರದಿಂದಲೇ ಬಿದ್ದು ಚಿಲಕವನ್ನು ಹಾಕಿಕೊಳ್ಳುವುದು. ತಗಡು ನೆಗ್ಗುವುದರಿಂದ ಬಲವಾಗಿ ಒತ್ತುವುದು ಸಾಮಾನ್ಯವಾಗಿ ಸರಿಯಲ್ಲ. ಅನಿಲದ ಊರೆಗಳಿರುವ ಗಾಡಿಗಳಲ್ಲಿ ಮಾತ್ರ ಕೈಪಿಡಿಯಲ್ಲಿ ಹೇಳಿದಂತೆ ಒತ್ತಬೇಕಾಗುವುದು. ಕಡೆಯಲ್ಲಿ ಮುಂಚೂಣಿಯನ್ನು ಬೆರಳಿನಿಂದ ಮೇಲಕ್ಕೆ ಎಳೆದು ನೋಡಲೇಬೇಕು. ತುಸುವಾದರೂ ಎದ್ದರೆ ಕಾವಲು ಕೊಕ್ಕೆ ಮಾತ್ರ ಹಿಡಿದಿದೆ, ಚಿಲಕವು ಬಿದ್ದಿಲ್ಲವೆಂದು ತಿಳಿದು, ಮತ್ತೆ ತೆರೆದು ಮುಚ್ಚತಕ್ಕದ್ದು.

ಈ ಪರೀಕ್ಷೆಯನ್ನು ಅನ್ಯರು ಮುಚ್ಚಿಕೊಟ್ಟಾಗಲೂ ಮಾಡಬೇಕೆಂಬುದಕ್ಕೆ ಒಂದು ಉದಾಹರಣೆಯುಂಟು. ನಮ್ಮ ಪೂರ್ವ ವಿದ್ಯಾರ್ಥಿನಿಯೊಬ್ಬರು ಗ್ಯಾರೇಜಿನಲ್ಲಿ ಎಣ್ಣೆ ಹಾಕಿಸಿಕೊಂಡು ವರ್ತುಲ ರಸ್ತೆಯಲ್ಲಿ ಬರುತ್ತಿದ್ದಾಗ ಮುಚ್ಚಳವು ಗಡಗಡನೆ ನಡುಗಲಾರಂಭಿಸಿತು. ಆಕೆ ವೇಗವನ್ನು ತಗ್ಗಿಸಿ ಪಕ್ಕಕ್ಕೆ ನಿಲ್ಲಿಸಿ ನೋಡಲು, ಕಾವಲು ಕೊಕ್ಕೆಯೊಂದೇ ಅದನ್ನು ಹಿಡಿದುಕೊಂಡಿದ್ದಿತು. ಮುಚ್ಚಿದ ಹುಡುಗನು ಅವಸರದಲ್ಲಿ ಇಳಿಬಿಟ್ಟಿದ್ದನಲ್ಲದೆ ಚಿಲಕವು ಬಿದ್ದಿರಲಿಲ್ಲ. ಹಿಂದಿನ ಸೀಟಿನಲ್ಲಿ ಆಕೆಯ ಇಬ್ಬರು ಚಿಕ್ಕ ಮಕ್ಕಳಿದ್ದರು. ಅಂದಿನಿಂದ ಆಕೆ ಗ್ಯಾರೇಜಿನಿಂದ ಹೊರಡುವ ಮುನ್ನ ತಾವೇ ಇಳಿದು ಬಂದು, ಮುಚ್ಚಳದ ಅಂಚನ್ನು ಎಳೆದು ನೋಡಿಯೇ ಹೊರಡುತ್ತಾರೆ.

ಒಂದು ವೇಳೆ ಮುಚ್ಚಳವು ಹಾರಿ ಕಿಟಕಿಗೆ ಅಡ್ಡವಾದರೆ, ಬ್ರೇಕನ್ನು ಥಟ್ಟನೆ ತುಳಿಯಬಾರದು, ಸ್ಟಿಯರಿಂಗನ್ನು ಹೊರಳಿಸಬಾರದು. ಮುಚ್ಚಳದ ಕೆಳಗೆ, ಡ್ಯಾಶ್‌ಬೋರ್ಡಿನ ಮೇಲಣ ಸಂದಿಯಲ್ಲಿ, ಅನೇಕ ಗಾಡಿಗಳಲ್ಲಿ ರಸ್ತೆಯು ತುಸು ಕಾಣುವುದು. ಇಲ್ಲವೆ ಬಲಗಡೆಯ ಕಿಟಕಿಯಿಂದ ನೋಡಬೇಕು. ಎಚ್ಚರಿಕೆಯ ದೀಪಗಳನ್ನು ಹೊತ್ತಿಸಿ, ವೇಗವನ್ನು ಕ್ರಮವಾಗಿ ತಗ್ಗಿಸಿ, ರಸ್ತೆಯ ಎಡಬದಿಗೆ ಸೇರಿ ನಿಲ್ಲಬೇಕು.

ಮಾನ್ಯ ತಂದೆತಾಯಿಗಳಲ್ಲಿ ನಮ್ಮ ಬಿನ್ನಹವಿಷ್ಟೇ. ಹೆಣ್ಣುಮಕ್ಕಳಿಗೆ ಅಕ್ಷರವೇಕೆಂದು ಕೇಳುತ್ತಿದ್ದ ಕಾಲವೊಂದಿದ್ದಿತು. ಆ ಪ್ರಶ್ನೆಗೆ ಇಂತಹ ಶಾಲೆಗಳು ತಮ್ಮ ಕೆಲಸದಿಂದಲೇ ಉತ್ತರವನ್ನಿತ್ತವು. ಮಗಳ ಕೈಗೆ ಗಾಡಿಯ ಕೀಲಿಯನ್ನು ಕೊಡುವವರು ಅದರ ಮುಚ್ಚಳವನ್ನು ತೆರೆಯುವ ವಿದ್ಯೆಯನ್ನೂ ಕೊಡಬೇಕು. ಒಂದು ಶನಿವಾರದ ಬೆಳಗ್ಗೆ, ಎಂಜಿನು ತಣ್ಣಗಿರುವಾಗ, ಅರ್ಧ ಗಂಟೆಯ ಅಭ್ಯಾಸವು ಸಾಕು. ಲೀವರನ್ನು ಆಕೆಯೇ ಹುಡುಕಲಿ. ಕೊಕ್ಕೆಯನ್ನು ಆಕೆಯೇ ಬಿಡಿಸಲಿ. ಡಿಪ್‌ಸ್ಟಿಕ್ಕನ್ನು ತೆಗೆದು ಒರಸಿ ಎಣ್ಣೆಯ ಮಟ್ಟವನ್ನು ಆಕೆಯೇ ನೋಡಲಿ. ಮುಚ್ಚಿ, ಅಂಚನ್ನು ಎಳೆದು ಪರೀಕ್ಷಿಸಲಿ. ತಾಯಂದಿರೂ ಪಕ್ಕದಲ್ಲಿ ನಿಂತು ನೋಡದೆ ತಾವೂ ಒಮ್ಮೆ ಮಾಡಲಿ.

ನಮ್ಮ ಶಾಲೆಯ ಪ್ರಾರ್ಥನಾ ವೇಳೆಯಲ್ಲಿ ಹತ್ತು ಮಂದಿ ಕನ್ಯೆಯರ ಸಾಮ್ಯವನ್ನು ಕೇಳದವರಾರು? ಐವರು ದೀಪದೊಡನೆ ಎಣ್ಣೆಯನ್ನೂ ತೆಗೆದುಕೊಂಡಿದ್ದರು. ಮಿಕ್ಕ ಐವರು ವೇಳೆ ಬಂದಾಗ ಪರರಲ್ಲಿ ಬೇಡಬೇಕಾಯಿತು. ಎಣ್ಣೆಯಿದೆಯೇ ಇಲ್ಲವೇ ಎಂಬುದು ಪಾತ್ರೆಯ ಮುಚ್ಚಳವನ್ನು ತೆರೆದು ನೋಡಿದವರಿಗೆ ಮಾತ್ರ ತಿಳಿಯುವುದು. ನಮ್ಮ ಸಹೋದರಿಯರು ದೂರದ ಪ್ರಯಾಣಕ್ಕೆ ಹೊರಡುವ ಮುನ್ನ ದೇವರನ್ನು ಸ್ಮರಿಸಿ ಹೊರಡುವರೆಂಬುದನ್ನು ನಾವ��� ಬಲ್ಲೆವು. ಅದರೊಡನೆ ಬಾನೆಟ್ಟನ್ನು ಎತ್ತಿ ಎಣ್ಣೆ ನೀರುಗಳನ್ನು ನೋಡಿ, ಭದ್ರವಾಗಿ ಮುಚ್ಚಿ ಹೊರಡುವ ಪದ್ಧತಿಯನ್ನೂ ಬೆಳೆಸಿಕೊಳ್ಳಲೆಂದು ಹಾರೈಸುತ್ತೇವೆ.